ಕ್ಯಾಪ್ಟನ್‌ಗೆ ಸುಮ್ಮನಿರಿ ಎನ್ನುವುದು

ನಾನು ಬಾಯಿಲ್ಲದವಳು ಎಂದೇ ಹೆಸರು. ಮದುವೆಯಾಗಿ ಶಿಗ್ಲಿಯಿಂದ ಬೆಟಗೇರಿಗೆ ಬಂದ ಹೊಸದರಲ್ಲಿ ಒಮ್ಮೆ ಹಾಲು ಉಕ್ಕುತ್ತಿತ್ತು, ಅತ್ತೆ ಏನೋ ಹೇಳುತ್ತಿದ್ದರು. ಅವರ ಮಾತು ಮುಗಿಯಲಿ ಎಂದು ನಾನು ನಿಂತೇ ಇದ್ದೆ. ಹಾಲಿಗೆ ಆ ಮರ್ಯಾದೆ ಗೊತ್ತಿರಲಿಲ್ಲ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂಬುದು ನಮ್ಮ ಮನೆಯ ಮೊದಲ ಪಾಠ. ಅದನ್ನೇ ಮೊಮ್ಮಕ್ಕಳಾದ ನಿಮಗೂ ಕಲಿಸಿದೆ. ಈಗ ಆ ಪಾಠವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಯಾರು ಏನಾದರೂ ಅನ್ನಲಿ.

ಕಾರಣ ನಿಮ್ಮ ಸುಧಕ್ಕ. ನಮ್ಮ ಮನೆತನದಲ್ಲಿ ವಿಮಾನ ಹಾರಿಸುವವಳು ಅವಳೊಬ್ಬಳೇ. ಒಂದು ದಿನ ಪಕ್ಕದ ಸೀಟಿನ ಕ್ಯಾಪ್ಟನ್, ತಲೆ ನರೆತ ಹಿರಿಯರು, ವಿಮಾನವನ್ನು ರನ್‌ವೇ ಕಡೆ ಒಯ್ಯುತ್ತಾ ಮಗಳ ಮದುವೆಯ ಊಟದ ಕತೆ ತೆಗೆದರಂತೆ. ಹಾರುವ ಮೊದಲು ಒಂದೊಂದಾಗಿ ಓದಿ ನೋಡಬೇಕಾದ ಪಟ್ಟಿ ಇವಳ ಕೈಯಲ್ಲಿತ್ತು. ಕತೆ ಎಣ್ಣೆಗಾಯಿಗೆ ಬರುವಷ್ಟರಲ್ಲಿ ಪಟ್ಟಿ ಅರ್ಧಕ್ಕೆ ನಿಂತಿತ್ತು. ಕತೆ ಮುಗಿದಾಗ ಪಟ್ಟಿಯೂ ಮುಗಿಯಿತೆಂದು ಇಬ್ಬರಿಗೂ ಅನಿಸಿತು. ವಿಮಾನ ಮೇಲೇಳಲು ನೆರವಾಗುವ ರೆಕ್ಕೆಯ ಫ್ಲಾಪ್ ಇಳಿಸಿರಲೇ ಇಲ್ಲ. ಓಟ ಶುರುವಾದೊಡನೆ ಎಚ್ಚರಿಕೆಯ ಸದ್ದು ಹೊಡೆದುಕೊಂಡಿತು, ವಿಮಾನ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಬ್ಬರನ್ನೂ ಹಾರಾಟದಿಂದ ಇಳಿಸಿ, ಮತ್ತೆ ಪರೀಕ್ಷೆ ಪಾಸಾಗಿ ಬನ್ನಿ ಎಂದು ಕಳಿಸಿದರು.

"ಸುಮ್ಮನಿರ್ರಿ ಅಂತ ಅನ್ನಬೇಕಿಲ್ಲೇನವಾ?" ಎಂದೆ, ಊರಿಗೆ ಬಂದವಳಿಗೆ.

"ಹ್ಯಾಂಗ ಅನ್ನಲಿ ಅಜ್ಜಿ? ನಮ್ಮಪ್ಪಗಿಂತ ದೊಡ್ಡವ್ರು."

ಇವಳು ನನ್ನ ಮೊಮ್ಮಗಳೇ, ಸಂಶಯವಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಆದರೂ ಲಕ್ಷ್ಮೇಶ್ವರದಿಂದ ನನ್ನ ನಾದಿನಿ ಗಂಗವ್ವ ಬೆಳಗಿನ ಬಸ್ಸಿಗೇ ಬಂದಿಳಿದಳು. "ಸಾಕ್ರಿ ವೈನಿ, ಈ ವಿಮಾನದ ಹುಚ್ಚು. ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ. ಮುಂಡರಗಿ ಕಡೆ ಒಂದು ಛಲೋ ಮನಿ ಐತಿ, ಕೊಟ್ಟುಬಿಡೂಣು. ಹೆಣ್ಣುಮಕ್ಕಳು ನೆಲದ ಮ್ಯಾಲೆ ಇದ್ರ ಛಂದ." ಸುಧಾ ಶೇಂಗಾ ಸುಲಿಯುತ್ತಿದ್ದಳು. ಕಾಳನ್ನು ಕಸಕ್ಕೆ ಹಾಕಿ, ಸಿಪ್ಪೆಯನ್ನು ಡಬ್ಬಿಗೆ ತುಂಬುತ್ತಿದ್ದಳು.

ನಿಮ್ಮ ಅಜ್ಜ ನೆನಪಾದರು. ಮಗ್ಗದ ಹಳೇ ಹಾಸಿನ ತುದಿಗೆ ಹೊಸ ಎಳೆಗಳನ್ನು ಕೂಡಿಸಲು ಕುಳಿತರೆ ಅವರು ಮಾವನಾದ ನಮ್ಮಪ್ಪನಿಗೂ "ಆಮ್ಯಾಲೆ ಮಾತಾಡ್ರಿ" ಅನ್ನುತ್ತಿದ್ದರು. ಒಮ್ಮೆ ಅಪ್ಪ ಸಿಟ್ಟಾಗಿ ದೀಪಾವಳಿಗೂ ಬರಲಿಲ್ಲ. ಸೀರೆ ಮಾತ್ರ ಸರಿಯಾಗಿ ಬಂತು.

ನಾನು ಎದ್ದು, ಗತ್ತಿಗಿರಲಿ ಎಂದು ಅಜ್ಜನ ಟೊಪ್ಪಿಗೆ ಹಾಕಿಕೊಂಡು ಹೊರಸಿನ ಮೇಲೆ ಕುಳಿತೆ. "ಬಾರಬೇ ಸುಧಾ. ನಾ ಕ್ಯಾಪ್ಟನ್. ನೀ ನಿನ್ನ ವಿಮಾನದ ಪಟ್ಟಿ ಓದು. ನಾ ಮಾತಾಡ್ತೀನಿ, ನನ್ನ ಬಾಯಿ ಮುಚ್ಚಿಸು."

"ವೈನಿಗೆ ಏನಾತು!" ಎಂದಳು ಗಂಗವ್ವ.

ನಾನು ಶಿಗ್ಲಿಯ ಮದುವೆಯೊಂದರಲ್ಲಿ ಬೀಗರು ಮುನಿಸಿಕೊಂಡು ಹುಣಸೆಮರ ಹತ್ತಿದ ಕತೆ ತೆಗೆದೆ. ಸುಧಾ ಎರಡು ಸಾಲು ಓದಿ, "ಮುಂದ ಏನಾತಜ್ಜಿ?" ಎಂದಳು.

"ಮುಂದ ವಿಮಾನ ಬಿತ್ತು!" ಎಂದು ಬೈದೆ.

ಎಷ್ಟು ಸಲ ಮಾಡಿದರೂ ಅಷ್ಟೇ. ಕೊನೆಗೆ ಕ್ಯಾಪ್ಟನ್ ಕೆಲಸವನ್ನು ಗಂಗವ್ವನಿಗೆ ಕೊಟ್ಟೆ. ಅವಳು ನಟಿಸಬೇಕಾಗಿರಲಿಲ್ಲ. "ಹುಡುಗಂದು ಎರಡು ಟ್ರ್ಯಾಕ್ಟರ್ ಅದಾವ, ಹಮ್ಮಿಗಿ ಹತ್ರ ಹೊಳಿದಂಡಿ ಹೊಲ, ಅತ್ತಿ ಭಾಳ ಸಾಧು..." ಸುಧಾ ಓದುವುದನ್ನು ನಿಲ್ಲಿಸಿದಳು. ಅಂಗೈ ಎತ್ತಿದಳು. "ಗಂಗಜ್ಜಿ, ಈಗ ಮಾತು ಬ್ಯಾಡ್ರಿ. ಪಟ್ಟಿ ಮುಗೀಲಿ." ಮತ್ತೆ ಮೊದಲ ಸಾಲಿನಿಂದ ಹಿಡಿದು ಕೊನೆಯವರೆಗೆ ಓದಿದಳು.

ಗಂಗವ್ವ ನನ್ನ ಕಡೆ ತಿರುಗಿದಳು. "ನೋಡ್ರಿ ವೈನಿ, ನನಗ ಹ್ಯಾಂಗ ಅಂದ್ಲು!"

"ಅನ್ನಲಿ. ನಾನೇ ಕಲಿಸೀನಿ," ಎಂದೆ. ನಾದಿನಿಗೆ ನಾನು ಕೊಟ್ಟ ಮೊದಲ ಎದುರುತ್ತರ ಅದು. ಟೊಪ್ಪಿಗೆಯ ಧೈರ್ಯ ಇರಬೇಕು.

ಸುಧಾ ಪಾಸಾದಳು, ಮತ್ತೆ ಹಾರುತ್ತಿದ್ದಾಳೆ. ಬೆಟಗೇರಿಯ ಮೊಮ್ಮಗಳಿಗೆ ದೊಡ್ಡವರು ಸಣ್ಣವರೆಂಬ ಖಬರಿಲ್ಲ ಎಂದು ಲಕ್ಷ್ಮೇಶ್ವರದ ತುಂಬ ಸುದ್ದಿ. ಇರಲಿ. ವಿಮಾನದಲ್ಲಿ ಕುಳಿತವರಿಗೆ ಅವಳ ವಿನಯದಿಂದ ಆಗಬೇಕಾದದ್ದೇನು?

ಮೊನ್ನೆ ರಜೆಗೆ ಬಂದವಳು ಹೊರಡಲು ಬ್ಯಾಗು ತುಂಬಿಕೊಳ್ಳುತ್ತಿದ್ದಳು. ಚಟ್ನಿಪುಡಿ ಎಲ್ಲಿಡಬೇಕೆಂದು ಹೇಳಲು ನಾನು ಬಾಯಿ ತೆರೆದೆ. ಅಂಗೈ ಎತ್ತಿದಳು! ಈ ವಯಸ್ಸಿನಲ್ಲಿ ನನಗೆ ಮಾತು ಬಂದಿದೆ, ಕೇಳುವವರು ಶಿಸ್ತು ಕಲಿತುಬಿಟ್ಟಿದ್ದಾರೆ. ಅದಕ್ಕೇ ಬರೆಯಲು ಕುಳಿತೆ. ಕಾಗದದ ಮೇಲೆ ನೀವು ಯಾರೂ ಅಂಗೈ ಎತ್ತಲಾರಿರಿ.