ಮಸ್ಕತ್ ಬಂದರೂ ಇಳಿಯದ ಅತ್ತೆ

ನಮ್ಮ ಸೋದರತ್ತೆಗೆ ಭೂಗೋಳ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುತರಾಂ ಒಪ್ಪುವುದಿಲ್ಲ. ಅವಳಿಗೆ ಚೆನ್ನಾಗಿ ಗೊತ್ತು. ಭೂಮಿಯೇ ಅವಳ ಮಾತು ಕೇಳುವುದಿಲ್ಲ, ಅಷ್ಟೇ!

ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವ ಅವಳಿಗೆ ಮೈಲು, ಕಿಲೋಮೀಟರುಗಳ ಹಂಗಿಲ್ಲ. ಕಾರವಾರವೆಂದರೆ ಬಂಗಡೆ ಮೀನು ಕೆಡದೆ ತಲುಪುವ ದೂರ. ರಾಮನಗುಳಿ ಐಸ್ ಹಾಕಿದರೆ ಮಾತ್ರ ಮುಟ್ಟುವ ದೂರ. ಹುಬ್ಬಳ್ಳಿಗೆ ಒಣಮೀನೇ ಗತಿ! ಒಮ್ಮೆ ಕಾರವಾರದಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ, ಅಂಕೋಲೆ ದಾಟಿ ಬಾಳೆಗುಳಿಯಲ್ಲಿ ಎಚ್ಚರವಾಯಿತು. ತಪ್ಪು ಯಾರದು? ಕಂಡಕ್ಟರನದು! "ನಮ್ಮೂರನ್ನ ಎಲ್ಲಿ ಬಿಟ್ಟು ಬಂದ್ಯೋ ಮಾರಾಯಾ?" ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡಳು.

ಇಂಥವಳು ಒಂಟಿಯಾಗಿ ಮಸ್ಕತ್ತಿಗೆ ಹೊರಟಳೆಂದರೆ! ಅಲ್ಲಿದ್ದ ಒಬ್ಬಳೇ ಮಗಳಿಗೆ ಚೊಚ್ಚಲ ಹೆರಿಗೆ. ಮೊದಲ ಬಸಿರು ಇಳಿದುಹೋಗಿತ್ತು, ಈ ಸಲ ವೈದ್ಯರು ಪ್ರಯಾಣವೇ ಬೇಡವೆಂದಿದ್ದರು. "ನಾ ಆರಾಮಿದ್ದೆ ಆಯಿ, ನೀ ಬರೂದು ಬೇಡ" ಎಂದು ಮಗಳು ಫೋನಿನಲ್ಲಿ ಹೇಳಿದಳು. ಮನೆಮಂದಿಯೆಲ್ಲ ಅದನ್ನೇ ಹಿಡಿದುಕೊಂಡರು. ಭಾಷೆ ಬಾರದು, ರಕ್ತದೊತ್ತಡ ಬೇರೆ, ಬಾಳೆಗುಳಿಯಲ್ಲೇ ಕಳೆದುಹೋದವಳು!

"ಮೂರೇ ತಾಸು ವಿಮಾನ, ಅತ್ತೆ" ಎಂದೆ ನಾನು.

"ಮುಂಬಯಿಗೆ ರೈಲಿನಲ್ಲಿ ರಾತ್ರಿಯಿಡೀ ಬೇಕು, ಸಮುದ್ರದಾಚೆಗೆ ಮೂರು ತಾಸಾ? ಯಾರ ಹತ್ರ ಹೇಳ್ತಿ? ಇರ್ಲಿ, ಮೂರು ದಿನ ಆದ್ರೂ ನಾ ಹೋಗೂದೇ!"

ಮುಂಬಯಿಯವರೆಗೆ ನಾನೇ ಕರೆದುಕೊಂಡು ಹೋಗಿ, ಮಧ್ಯಾಹ್ನ ಎರಡರ ವಿಮಾನಕ್ಕೆ ಕಳಿಸಿದೆ.

ಮುಂದಿನದನ್ನು ಅವಳ ಅಳಿಯನ ಬಾಯಿಂದ ಕೇಳಿದ್ದು. ವಿಮಾನ ಇಳಿಯಿತು, ಜನ ಇಳಿದರು, ಅತ್ತೆ ಇಳಿಯಲಿಲ್ಲ! ಸೊಂಟದ ಪಟ್ಟಿಯನ್ನೂ ಬಿಚ್ಚದೆ ಕೂತಿದ್ದಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಪಕ್ಕದವರು ಈಗ ಮೂರೂವರೆ ಎಂದದ್ದೇ ತಪ್ಪಾಯಿತು.

"ಎರಡಕ್ಕೆ ಹೊರಟದ್ದು ಮೂರೂವರೆಗೆ ಮಸ್ಕತ್ತಾ? ಅಷ್ಟ್ರಲ್ಲಿ ಹುಬ್ಬಳ್ಳಿನೂ ಬರೂದಿಲ್ಲ! ನಡುದಾರೀಲಿ ಇಳಿಯೂಕೆ ನಾ ಹುಚ್ಚೀನಾ?"

ಗಗನಸಖಿ ಕೈ ಮುಗಿದಳು. ಅತ್ತೆಯೂ ತಿರುಗಿ ಕೈ ಮುಗಿದಳು, ಏಳಲಿಲ್ಲ. ಕೊನೆಗೆ ಹಿಂದಿನ ಸೀಟಿನವನೊಬ್ಬ ಬಂದ. "ಅಮ್ಮಾ, ನಾ ನಿಮ್ಮ ಕಾರವಾರದ ಹತ್ರ ಬಿಣಗಾದವ. ಇಲ್ಲಿ ಸೂರ್ಯ ತಡ ಮಾಡಿ ಹುಟ್ತಾ, ಅದ್ಕೇ ಗಡಿಯಾರ ಹಿಂದೆ."

"ಬಿಣಗಾದವನಾ? ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದು ಅತ್ತೆ ಎದ್ದೇಬಿಟ್ಟಳು!

ಹೊರಬಂದವಳ ಗತ್ತನ್ನು ಕೇಳಬೇಕೆ? ಅಳಿಯನಿಗೆ ಅವಳ ಮೊದಲ ಮಾತು: "ನಿನ್ನ ಮಾವ ಜನ್ಮವಿಡೀ ದೋಣಿ ನಡೆಸಿದ್ರು. ಆದ್ರೂ ಸಮುದ್ರದ ಆಚೆ ದಡ ಕಂಡವಳು ನಾನು!"

ಮನೆಯ ಬಾಗಿಲಲ್ಲಿ ಮಗಳು ತುಂಬುಹೊಟ್ಟೆ ಹೊತ್ತು ನಿಂತಿದ್ದಳು. ಅತ್ತೆ ಕುಶಲ ಕೇಳಲಿಲ್ಲ. ಚೀಲ ಇಳಿಸಿ ಕೊಬ್ಬರಿ ಎಣ್ಣೆ ಹುಡುಕಿದಳು. ಮಗಳನ್ನು ನೆಲದ ಮೇಲೆ ಕೂರಿಸಿಕೊಂಡು, ಸಿಕ್ಕುಗಟ್ಟಿದ ಕೂದಲನ್ನು ಎಳೆಎಳೆಯಾಗಿ ಬಿಡಿಸತೊಡಗಿದಳು. ತಿಂಗಳುಗಟ್ಟಲೆ ಫೋನಿನಲ್ಲಿ ಆರಾಮೆಂದು ಹೇಳುತ್ತಿದ್ದ ಹುಡುಗಿ ತಾಯಿಯ ಮೊಣಕಾಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಬಂದ್ನಲ್ಲ ಮಗಾ, ಈಗೆಂತಕೆ ಅಳ್ತಿ?" ಎಂದು ಗದರಿದ ಅತ್ತೆಗೆ, ಎಣ್ಣೆಗೈಯಲ್ಲಿ ತನ್ನ ಕಣ್ಣು ಒರೆಸಿಕೊಳ್ಳಲು ಆಗುತ್ತಿರಲಿಲ್ಲವಂತೆ.