ಏರಿಯ ಮೇಲಿಟ್ಟ ಕಾಯಿ

ಸಮುದ್ರ ಇದ್ದವರಿಗೆ ಮಾತ್ರವೇ ಈ ಸುಖ? ನಮ್ಮಲ್ಲೂ ಕೆರೆ ಇದೆ, ಏರಿ ಇದೆ, ಏರಿಗೆ ಪಾಳೇಗಾರರ ಕಾಲದ ಕಲ್ಲುಕಟ್ಟಣೆಯೂ ಇದೆ! ಹೀಗೆಂದು ಎದೆ ತಟ್ಟಿ ಘೋಷಿಸಿದವರು ದಬ್ಬೇಘಟ್ಟದ ಕಡೆಯ ನಿವೃತ್ತ ಬಸ್ ಕಂಡಕ್ಟರ್ ನಂಜುಂಡಪ್ಪನವರು. ಕೇಳಿಸಿಕೊಳ್ಳಲು ಮನೆಯಲ್ಲಿದ್ದುದು ಸೀಮೆಹಸು ಒಂದೇ. ಅದು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ.

ಹೆಂಡತಿ ಹೊಂಬಾಳಮ್ಮ ಮೊಮ್ಮಗನನ್ನು ನೋಡಿಕೊಳ್ಳಲೆಂದು ಕರಾವಳಿಯಲ್ಲಿದ್ದ ಮಗಳು ಚೈತ್ರಳ ಮನೆಗೆ ಹೋಗಿದ್ದರು. ಹೋಗಿದ್ದು ಹದಿನೈದು ದಿನಕ್ಕೆ, ಆಗಿದ್ದು ಮೂರು ತಿಂಗಳು. ಇವರೂ ಹೋಗಬಹುದಿತ್ತು. ಆದರೆ ಎರಡು ಹೊತ್ತು ಹಾಲು ಕರೆಯುವವರು ಯಾರು? ಮೂವತ್ತು ವರ್ಷ ದಿನಕ್ಕೆ ನಾನೂರು ಜನರನ್ನು "ಹಿಂದಕ್ಕೆ ಹೋಗ್ರಿ, ಖಾಲಿ ಐತೆ" ಎಂದು ಗದರಿದ ಬಾಯಿ ಈಗ ದಿನಕ್ಕೊಂದು ಫೋನಿಗೆ ಇಳಿದಿತ್ತು. ಅದರಲ್ಲೂ ಅವರು "ಉಂಡ್ರಾ?" ಅನ್ನುವುದು, ಇವರು "ಉಂಡೆ" ಅನ್ನುವುದು. ಅಷ್ಟೊತ್ತಿಗೆ ಮಗು ಅಳುತ್ತಿತ್ತು, ಫೋನು ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ಫೋಟೊ ಬಂತು. ಕಡಲ ಅಲೆ ತಡೆಯುವ ಹಳೇ ಗೋಡೆಯ ಮೇಲೆ ಹೆಂಡತಿ, ಮಗಳು, ಅಳಿಯ ಸಾಲಾಗಿ ನಿಂತಿದ್ದಾರೆ. ಕೈಯಲ್ಲೊಂದು ಡಬ್ಬಿ. ಅದು ಜಿಯೋಕ್ಯಾಶಿಂಗ್ ಎಂಬ ಆಟವಂತೆ. ಯಾರೋ ಪುಣ್ಯಾತ್ಮರು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಫೋನಿನಲ್ಲಿ ಹಾಕುತ್ತಾರೆ. ಗುರುತು ಹಿಡಿದು ಬಂದವರು ಅದನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಹೋಗಬೇಕು. ಇನ್ನೊಂದು ಫೋಟೊದಲ್ಲಿ ಪುಸ್ತಕದ ಹಾಳೆ. ಹೊಂಬಾಳಮ್ಮ, ಚೈತ್ರ, ಅಳಿಯ, ಇನ್ನೂ ಅಂಬೆಗಾಲಿಕ್ಕದ ಮೊಮ್ಮಗ, ಎಲ್ಲರ ಹೆಸರೂ ಇತ್ತು. ನಂಜುಂಡಪ್ಪನವರು ಹಾಳೆಯನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿದರು. ತಮ್ಮದು ಇರಲಿಲ್ಲ. ಆ ರಾತ್ರಿಯ ಮುದ್ದೆ ಸೀಮೆಹಸುವಿನ ಪಾಲಾಯಿತು.

ಬೆಳಗಾಗುವುದರೊಳಗೆ ಹಸುವಿನ ಮುಂದೆ ಆ ಘೋಷಣೆ ಹೊರಟಿತು. ತಾವೇ ಒಂದು ಡಬ್ಬಿ ಇಡುವುದು! ದೇಶದೇಶದ ಜನ ಏರಿ ಹತ್ತಿ ಬಂದು ಹೆಸರು ಬರೆಯುವುದು! ಆ ಫೋಟೊ ಕರಾವಳಿಗೆ ಹೋಗುವುದು!

"ನಮ್ಮೂರ ಏರಿಗೆ ಕುರಿ ಬಿಟ್ರೆ ಇನ್ಯಾರ್ ಬತ್ತಾರ್ರೀ?" ಎಂದರು ಫೋನಿನಲ್ಲಿ ಹೊಂಬಾಳಮ್ಮ.

"ನೋಡ್ತಿರು ನೀನು" ಎಂದರು ಇವರು.

ಡಬ್ಬಿ ಸುತ್ತಲಿನ ವಸ್ತುಗಳಲ್ಲಿ ಬೆರೆತುಹೋಗಬೇಕೆಂದು ಆಟದ ನಿಯಮ. ನಂಜುಂಡಪ್ಪನವರಿಗೆ ಮಿಂಚು ಹೊಳೆಯಿತು. ತೆಂಗಿನ ಸೀಮೆಯಲ್ಲಿ ತೆಂಗಿನಕಾಯಿಯನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ನಾರಿನ ಮಟ್ಟೆ ಸಮೇತ ಒಣಗಿದ ಕಾಯೊಂದನ್ನು ತುದಿಯಲ್ಲಿ ಗರಗಸದಿಂದ ಕೊಯ್ದು, ಕೊಬ್ಬರಿ ತೆಗೆದು, ಒಳಗೊಂದು ಮಾತ್ರೆ ಡಬ್ಬಿ ಕೂರಿಸಿದರು. ಡಬ್ಬಿಯಲ್ಲಿ ಪುಟ್ಟ ಪುಸ್ತಕ, ಮೋಟು ಪೆನ್ಸಿಲ್ಲು. ಮೊದಲ ಹಾಳೆಯಲ್ಲಿ ಏನೋ ಬರೆದರು, ಹೊಡೆದುಹಾಕಿದರು, ಮತ್ತೆ ಅದನ್ನೇ ಬರೆದರು. ಕೊಯ್ದ ತುದಿಯನ್ನು ಬಿರಡೆಯಂತೆ ಬಿಗಿಯಾಗಿ ಮುಚ್ಚಿ, ತೂಬಿನ ಪಕ್ಕದ ಕಲ್ಲುಸಂದಿಯಲ್ಲಿ ಕಾಯಿಟ್ಟು, ಜಾಗದ ಗುರುತನ್ನು ಫೋನಿನಲ್ಲಿ ಹಾಕಿ ಬಂದರು.

ಅಂದಿನಿಂದ ದಿನಾ ಸಂಜೆ ಏರಿಯ ಮೇಲೆ ವಾಕಿಂಗು. ಮನೆಯಲ್ಲಿ ಒಂದು ಲೋಟ ಹಾಲು ಹೆಚ್ಚಿಗೆ ಎತ್ತಿಡುವುದು ಬೇರೆ. ಹನ್ನೆರಡು ದಿನ ಕಾಯಿ ಇದ್ದಲ್ಲೇ ಇತ್ತು, ಹೆಸರು ಬರೆಯುವ ಹಾಳೆ ಖಾಲಿಯೇ ಇತ್ತು. ಹೆಚ್ಚಿಗೆ ಎತ್ತಿಟ್ಟ ಹಾಲನ್ನು ತಾವೇ ಕುಡಿದು ಮಲಗುತ್ತಿದ್ದರು.

ಹದಿಮೂರನೆಯ ದಿನ ಕಾಯಿಯೇ ಇಲ್ಲ!

ಕುರಿ ಮೇಯಿಸುವ ಶಿವಮೂರ್ತಿಯನ್ನು ಕೇಳಿದರು. ಅವನು ಕಡ್ಡಿ ಮುರಿದಂತೆ ಹೇಳಿದ: ಬೆಳಿಗ್ಗೆ ಕರಿಬಸವಯ್ಯ ಬಂದ, ಕಾಯೆತ್ತಿ ಕಿವಿ ಹತ್ತಿರ ಅಲ್ಲಾಡಿಸಿದ, ಒಳಗೇನೋ ಅಲ್ಲಾಡ್ತು, ಒಳ್ಳೇ ಕೊಬ್ಬರಿ ಅಂತ ಚೀಲಕ್ಕೆ ಹಾಕ್ಕೊಂಡು ಹೋದ.

ನಂಜುಂಡಪ್ಪನವರು ಹಣೆ ಚಚ್ಚಿಕೊಂಡರು. ಹುಟ್ಟಿದಾಗಿನಿಂದ ತೆಂಗಿನಡಿ ಬೆಳೆದು, ಬಿದ್ದ ಕಾಯಿಯನ್ನು ಈ ಸೀಮೆಯಲ್ಲಿ ಯಾರೂ ಬಿಟ್ಟು ಹೋಗುವುದಿಲ್ಲ ಎಂಬುದನ್ನೇ ಮರೆತಿದ್ದರು! ಅದಕ್ಕಿಂತ ಕೆಟ್ಟದ್ದೆಂದರೆ ಕಾಯಿ ಸೇರಿದ್ದು ಕರಿಬಸವಯ್ಯನ ಮನೆ. ಆತ ಬೇಲಿಯಾಚೆಯ ನೆರೆಯವ. ಇವರ ತೋಟದ ಬಾಗಿದ ಮರ ಆತನ ತೋಟಕ್ಕೆ ಕಾಯಿ ಉದುರಿಸುತ್ತಿತ್ತು. ಬಿದ್ದ ಕಾಯಿ ಮರದವನದೋ ನೆಲದವನದೋ ಎಂದು ಜಗಳವಾಗಿ ಮಾತು ಬಿಟ್ಟು ನಾಲ್ಕು ವರ್ಷ. ಈಗ ಮತ್ತೆ ಬಿದ್ದ ಕಾಯಿ ಕೇಳಲು ಹೋಗಬೇಕು. ಮರ್ಯಾದೆ ಬೇಡವೆಂದಿತು. ಆದರೆ ಮೊದಲ ಹಾಳೆಯಲ್ಲಿ ಬರೆದದ್ದನ್ನು ಆತ ಓದಿ ನಕ್ಕರೆ? ಕಾಲು ತಾನೇ ಹೊರಟಿತು.

ಕರಿಬಸವಯ್ಯ ಕಥೆಯನ್ನೆಲ್ಲ ಕೇಳಿ, ನಗದೆ, ಅಟ್ಟದ ಕಡೆ ಬೆರಳು ತೋರಿಸಿದ. ಅಲ್ಲಿ ಕೊಬ್ಬರಿಯಾಗಲು ಪೇರಿಸಿದ ಮೂರು ಸಾವಿರ ಕಾಯಿ. ಆ ಚೀಲವನ್ನು ಅದರ ಮೇಲೇ ಸುರಿದು, ಕೋಲಿನಿಂದ ಕೆದಕಿ ಬೇರೆ ಬಿಟ್ಟಿದ್ದ.

ಇಬ್ಬರೂ ಏಣಿ ಹತ್ತಿದರು. ಒಂದೊಂದೇ ಕಾಯೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸುವುದು. ಎಳೆಯದು ಗುಳುಗುಳು, ಬಲಿತದ್ದು ಲೊಡಲೊಡ, ಬೇಕಾದ್ದು ಮಾತ್ರ ಇಲ್ಲ. ಮೊದಲ ಐನೂರು ಕಾಯಿಗೆ ಮಾತಿಲ್ಲ. ಆಮೇಲೆ ಕೆಮ್ಮು. ಆಮೇಲೆ ಮಂಡಿನೋವಿನ ವಿಚಾರ. ನಂಜುಂಡಪ್ಪನವರ ಕಿವಿಯೊಳಗೆ ಬಸ್ಸೊಂದು ಓಡತೊಡಗಿದ ಮೇಲೆ ಕರಿಬಸವಯ್ಯ ಕೈ ಎತ್ತಿದ. ಕೈಯಲ್ಲಿದ್ದ ಕಾಯಿ ಕಟಕಟ ಎಂದಿತು. ಪೆನ್ಸಿಲ್ಲು!

ನಂಜುಂಡಪ್ಪನವರು ಕೈ ಚಾಚುವ ಮೊದಲೇ ಆತ ಮಚ್ಚಿನಿಂದ ಕಾಯಿ ಬಿಚ್ಚಿ, ಪುಸ್ತಕ ತೆಗೆದು, ಅಕ್ಷರಕ್ಕೊಂದು ಉಸಿರಿನಂತೆ ಓದಿದ. 'ಹುಡುಕಿದವರಿಗೆ ನಮಸ್ಕಾರ. ಹೆಸರು ಬರೆಯಿರಿ. ನನ್ನ ಮನೆ ಹತ್ತಿರವೇ ಇದೆ. ಒಬ್ಬನೇ ಇದ್ದೇನೆ. ಕಾಫಿಗೆ ಬನ್ನಿ.'

ನಂಜುಂಡಪ್ಪನವರಿಗೆ ಅಟ್ಟದಿಂದ ಹಾರಿಬಿಡೋಣ ಅನ್ನಿಸಿತು. ಕರಿಬಸವಯ್ಯ ಪೆನ್ಸಿಲ್ಲು ನೆಕ್ಕಿ ಹಾಳೆಯ ಮೇಲೆ ದಪ್ಪಗೆ ಬರೆದ: 'ಕರಿಬಸವಯ್ಯ. ಕಾಯಿ ಪೊಳ್ಳು.' ಬರೆದು ಕೇಳಿದ.

"ಊರೋರ್ಗೆಲ್ಲ ಬರ್ದಿದೀಯ. ಕಾಫಿಗೆ ನಾನೂ ಬರ್ಬೋದೇನ್ಲಾ?"

ಅಂದು ಎತ್ತಿಟ್ಟ ಹಾಲು ಕಾಫಿಗೆ ಬಿತ್ತು. ಎರಡನೇ ಲೋಟ ಖಾಲಿ ಮಾಡುತ್ತ ಕರಿಬಸವಯ್ಯ, ಹೆಂಡ್ತಿ ಜೊತೆ ನೀನೂ ಯಾಕೆ ಹೋಗಲಿಲ್ಲ ಎಂದು ಕೇಳಿದ. ಹಸು ಕರೆಯುವವರು ಬೇಕಲ್ಲ ಎಂದರು ಇವರು.

"ಬೇಲಿಯಾಚೆ ನಾನೇನ್ ಸತ್ತೋಗಿದ್ನೇನ್ಲಾ?" ಎಂದ ಆತ.

ನಂಜುಂಡಪ್ಪನವರು ಹಾಳೆಯ ಫೋಟೊ ತೆಗೆದು, ಜಂಭದಿಂದಲೇ ಕರಾವಳಿಗೆ ಕಳಿಸಿದರು. ತಕ್ಷಣ ಫೋನು ಬಂತು. ಇವರು ಏರಿ, ತೂಬು, ಅಟ್ಟ, ಹಸು ಎಲ್ಲವನ್ನೂ ವಿವರಿಸಿ ಮುಗಿಸುವವರೆಗೆ ಹೊಂಬಾಳಮ್ಮ ಹೂಂಗುಟ್ಟುತ್ತಲೇ ಇದ್ದರು. ಮಗುವೂ ಅಳಲಿಲ್ಲ.

"ಅಲ್ರೀ," ಎಂದರು ಆಮೇಲೆ, "ಬೇಲಿ ಹತ್ರ ನಿಂತು ಒಂದು ಕೂಗು ಹಾಕಿದ್ರೆ, ಮೂರು ತಿಂಗ್ಳ ಹಿಂದೇನೇ ನನ್ ಜೊತೆ ಬಸ್ ಹತ್ಬೋದಿತ್ತಲ್ವೇನ್ರೀ?"

ಮೂವತ್ತು ವರ್ಷ ಊರಿಗೆ ಊರನ್ನೇ ಕೂಗಿ ಕೂಗಿ ಬಸ್ಸು ಹತ್ತಿಸಿದ್ದ ಕಂಡಕ್ಟರ್ ಕರಾವಳಿ ಬಸ್ಸಿಗೆ ತಮ್ಮ ಚೀಲ ಹುಡುಕತೊಡಗಿದರು.