ತಾರಸಿ ಬಿಸಿಲಿಗೆ ಇಬ್ಬರು

ಕಶ್ಯಪ್: ಮಾಮಿ, ನನ್ನ ಹಾಳೆಗಳನ್ನ ಯಾರು ಮಗುಚಿ ಹಾಕಿದ್ದು?

ರಂಗನಾಯಕಿ: ನಾನೇ. ನೀನು ಹಾಸಿದ್ಯೋ ಇಲ್ವೋ, ಕೆಳಗೆ ಫೋನ್ ಬಂತು ಅಂತ ಓಡ್ದೆ. ಅಲ್ಲೇ ಅರ್ಧ ಗಂಟೆ ಬೇರು ಬಿಟ್ಟೆ. ಒಂದು ಕಡೆ ಆಗ್ಲೇ ಒಣಗಿತ್ತು, ಇನ್ನೊಂದು ಕಡೆ ಹಸಿ ಉಳ್ಕೊಳ್ಳತ್ತಲ್ಲ ಅಂತ ನೀನು ಇಳಿದ ಕೂಡ್ಲೇ ನಾನು ಮಗುಚಿದೆ.

ಕಶ್ಯಪ್: ಅದು ಸಂಡಿಗೆ ಅಲ್ಲ ಮಾಮಿ.

ರಂಗನಾಯಕಿ: ಅಷ್ಟು ನಂಗೂ ಗೊತ್ತಾಗತ್ತೆ. ಸಂಡಿಗೆ ಆಗಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ಬಾಯಿಗೆ ಹಾಕ್ಕೊಳ್ಳಕ್ಕೆ ಬರ್ತಿದ್ರು.

ಮಲ್ಲೇಶ್ವರಂ ಹದಿಮೂರನೇ ಕ್ರಾಸಿನ ಈ ತಾರಸಿ ರಂಗನಾಯಕಿ ಮಾಮಿಯದು. ತಾರಸಿ ಮೇಲಿನ ಒಂಟಿ ಕೋಣೆಯ ಬಾಡಿಗೆದಾರ ಕಶ್ಯಪ್. ತೊಂಬತ್ತಾರನೇ ಇಸವಿಯ ಏಪ್ರಿಲ್, ಬೆಳಗಿನ ಒಂಬತ್ತು ಗಂಟೆ. ಬಿಸಿಲಿಗೇನೂ ಬರವಿಲ್ಲ, ಆದರೆ ತೆಂಗಿನ ಮರದ ನೆರಳು ಬೀಳದ ಜಾಗ ಇರುವುದು ನಾಲ್ಕು ಚಾಪೆಯಷ್ಟು. ಅದರಲ್ಲಿ ಮೂರು ಚಾಪೆಯಷ್ಟು ಮಾಮಿಯ ಸಂಡಿಗೆಗೆ.

ಈ ಹುಡುಗ ಬಿಸಿಲಿನಲ್ಲೇ ಚಿತ್ರ ಮಾಡುವವನು. ಕಾಗದದ ಒಂದು ಮಗ್ಗುಲಿಗೆ ಔಷಧಿ ಸವರಿ, ಮೇಲೆ ಎಲೆ ಇಟ್ಟು ಬಿಸಿಲಿಗೆ ಬಿಟ್ಟು, ಆಮೇಲೆ ನೀರಿನಲ್ಲಿ ತೊಳೆಯುತ್ತಾನೆ. ಬಿಸಿಲು ಬಿದ್ದ ಕಡೆ ನೀಲಿ, ನೆರಳಿದ್ದ ಕಡೆ ಬಿಳಿ. ಅಂಥ ಹಾಳೆಗಳನ್ನು ತಾನೇ ಹೊಲಿದು, ಪುಸ್ತಕ ಮಾಡಿ, ತಾನೇ ಪ್ರಕಟಿಸುತ್ತಾನೆ. ಒಟ್ಟು ಹನ್ನೆರಡು ಪ್ರತಿ. ನಾಳೆ ಬೆಳಿಗ್ಗೆ ಬಿಡುಗಡೆ. ಬಾಕಿ ಇದ್ದದ್ದು ಪ್ರತಿಯೊಂದರ ಕೊನೆಯ ಹಾಳೆ, ಬಿಡಿಸಿದರೆ ಗೋಡೆ ಕ್ಯಾಲೆಂಡರಿನಷ್ಟು ದೊಡ್ಡದು.

ಕಶ್ಯಪ್: ಮೇಲಿಟ್ಟಿದ್ದ ಎಲೆಗಳೆಲ್ಲಿ?

ರಂಗನಾಯಕಿ: ಆ ಕರಿಬೇವಿನ ಕಡ್ಡಿಗಳಾ? ಕಾಗೆ ತಂದು ಹಾಕಿದೆ ಅಂತ ಗುಡಿಸಿ ಎಸೆದೆ.

ಕಶ್ಯಪ್: ಹಾಳೆಗೊಂದು ಕಡ್ಡಿ, ಸರಿಯಾಗಿ ನಡುಮಧ್ಯ. ಹಾಗೆ ಯಾವ ಕಾಗೆ ಹಾಕತ್ತೆ ಮಾಮಿ?

ರಂಗನಾಯಕಿ: ನಂಗೂ ಅನುಮಾನ ಬಂತು. ಮಲ್ಲೇಶ್ವರದ ಕಾಗೆ, ಸ್ವಲ್ಪ ಓದ್ಕೊಂಡಿರತ್ತೆ ಅಂತ ಸುಮ್ನಾದೆ.

ಕಶ್ಯಪ್ ಹಾಳೆಗಳನ್ನು ಒಂದೊಂದಾಗಿ ನೀರಿನ ಟಬ್ಬಿಗೆ ಬಿಡತೊಡಗಿದ. ಒಂದು ಬೆಳ್ಳಗೆ. ಎರಡು ಬೆಳ್ಳಗೆ. ಏಳನೆಯದೂ ಬೆಳ್ಳಗೆ.

ರಂಗನಾಯಕಿ: ಎಷ್ಟು ಚೆನ್ನಾಗಿ ಕೊಳೆ ಬಿಡ್ತು ನೋಡು.

ಕಶ್ಯಪ್: ನೀಲಿ ಆಗ್ಬೇಕಿತ್ತು ಮಾಮಿ.

ರಂಗನಾಯಕಿ: ಅದನ್ನ ಮೊದ್ಲೇ ಹೇಳೋದಲ್ವಾ. ಮನೇಲಿ ಬಟ್ಟೆಗೆ ಹಾಕೋ ನೀಲಿ ಇದೆ. ಎರಡು ಹನಿ ತರ್ಲಾ?

ಕಶ್ಯಪ್: ಎರಡು ವರ್ಷದ ಕೆಲಸ ಇದು. ನಾಳೆ ಹತ್ತು ಗಂಟೆಗೆ ಜನ ಬರ್ತಾರೆ. ಕೊನೆ ಹಾಳೆ ಇಲ್ದೆ ಪುಸ್ತಕ ಹೆಂಗೆ ಕೊಡ್ಲಿ? ಅಳು ಬರ್ತಿದೆ ನಂಗೆ.

ರಂಗನಾಯಕಿ: ಅಳ್ಬೇಡಪ್ಪ. ಎಷ್ಟು ಜನ ಬರ್ತಾರೆ?

ಕಶ್ಯಪ್: ಹದಿನೈದು.

ರಂಗನಾಯಕಿ: ನಾಡಿದ್ದು ನಮ್ಮ ಮಗಳು ಇಂಚರಾ ಸೀಮಂತ. ಇನ್ನೂರು ಎಲೆ ಊಟ. ಈಗ ಹೇಳು, ಯಾರು ಅಳ್ಬೇಕು?

ಕಶ್ಯಪ್: ಔಷಧಿ ಸವರಿದ ಹಾಳೆ ಇನ್ನೂ ಹನ್ನೆರಡು ಒಳಗೆ ಕತ್ತಲಲ್ಲಿಟ್ಟಿದೀನಿ. ನಿಮ್ಮ ಸಂಡಿಗೆ ಒಂಚೂರು ಆ ಕಡೆ ಸರ್ಸಿದ್ರೆ ಎಲ್ಲಾ ಹಾಳೇನೂ ಕಣ್ಣೆದುರಿಗೇ ಹಾಸಿ ಕಾಯ್ತೀನಿ.

ರಂಗನಾಯಕಿ: ಹಸಿ ಸಂಡಿಗೆ ಮುಟ್ಟಿದ್ರೆ ಮುರಿಯತ್ತೆ. ನಿನ್ನ ಪುಸ್ತಕದಲ್ಲಿ ಒಂದು ಹಾಳೆ ಇಲ್ಲ ಅಂತ ಯಾರೂ ಲೆಕ್ಕ ಹಾಕಲ್ಲ ಕಣೋ. ಸಂಡಿಗೆ ಮುರಿದಿತ್ತು ಅಂತ ಬೀಗಿತ್ತಿ ಮೊಮ್ಮಗು ಮದುವೆ ತನಕ ಆಡ್ತಾಳೆ.

ಹನ್ನೆರಡನೆಯ ಹಾಳೆಯನ್ನು ಮಾತ್ರ ಮಾಮಿ ಮಗುಚಿರಲಿಲ್ಲ. ಕಶ್ಯಪ್ ಮುಖ ಸಿಂಡರಿಸಿಕೊಂಡೇ ಅದನ್ನೂ ನೀರಿಗೆ ಬಿಟ್ಟ. ಬಿಟ್ಟವನು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಕಶ್ಯಪ್: ಮಾಮಿ, ಈ ಹಾಳೆ ಹತ್ರ ನೀವೇನ್ ಮಾಡ್ತಿದ್ರಿ?

ರಂಗನಾಯಕಿ: ನಾನೇನೂ ಮಾಡಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳ್ತು. ಕಾಗೆ ಓಡ್ಸೋ ಕೋಲು ಹಿಡ್ಕೊಂಡು ಸ್ಟೂಲ್ ಮೇಲೆ ಕೂತೆ. ಒಂದು ಜೊಂಪು ಹತ್ತಿರ್ಬೇಕು.

ಕಶ್ಯಪ್ ಹಾಳೆಯನ್ನು ಎತ್ತಿ ಹಿಡಿದ. ಗಾಢ ನೀಲಿಯ ನಡುವೆ ಬೆಳ್ಳಗೆ ಮಾಮಿ: ತುರುಬು, ಮೂಗು, ಕೋಲು ಹಿಡಿದ ಕೈ. ಕೂತಲ್ಲೇ ನಿದ್ದೆ ಹೋದವರ ನೆರಳು ಅಲುಗಾಡದೆ ಅಚ್ಚಾಗಿತ್ತು.

ಕಶ್ಯಪ್: ಎರಡು ವರ್ಷದಿಂದ ಎಲೆ, ಹೂವು ಅಂತ ಒದ್ದಾಡ್ತಿದ್ದೆ. ಇಷ್ಟು ಚೆನ್ನಾಗಿ ಒಂದೂ ಬಂದಿಲ್ಲ. ಕೊನೆ ಹಾಳೆ ಇದೇ ಮಾಮಿ. ಇನ್ನು ಹನ್ನೊಂದು ಸಲ, ಹತ್ತತ್ತು ನಿಮಿಷ, ಹೀಗೇ ಕೂತ್ಕೊಳ್ತೀರಾ?

ರಂಗನಾಯಕಿ: ಹನ್ನೆರಡು ಪುಸ್ತಕದಲ್ಲೂ ನಾನೇನಾ?

ಕಶ್ಯಪ್: ಹನ್ನೆರಡರಲ್ಲೂ.

ಮಾಮಿ ತುರುಬು ಸರಿಮಾಡಿಕೊಂಡರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಗಂಡ ರಾಮಾನುಜ ಅಯ್ಯಂಗಾರರನ್ನು ಕೂಗಿದರು.

ರಂಗನಾಯಕಿ: ರೀ, ಮೇಲೆ ಬನ್ನಿ. ಈ ಸಂಡಿಗೆ ಎಲ್ಲಾ ಎತ್ತಿ ಆ ಕಡೆ ಇಡಿ.

ರಾಮಾನುಜ: ಹಸಿ ಸಂಡಿಗೆ, ಮುರಿಯಲ್ವೇನೇ?

ರಂಗನಾಯಕಿ: ಮುರಿದ್ರೆ ಮುರೀಲಿ. ಎಣ್ಣೇಲಿ ಬಿದ್ಮೇಲೆ ಬೀಗಿತ್ತಿಗೆ ಏನು ಗೊತ್ತಾಗತ್ತೆ?

ಕಶ್ಯಪ್ ಓಡಿಹೋಗಿ ಹಾಳೆ ತಂದ. ಸ್ಟೂಲಿನ ಧೂಳು ಒರೆಸಿದ. ತಿರುಗಿ ನೋಡಿದರೆ ಮಾಮಿ ಅರ್ಧ ಮೆಟ್ಟಿಲು ಇಳಿದಾಗಿತ್ತು.

ಕಶ್ಯಪ್: ಎಲ್ಲಿಗೆ ಮಾಮಿ? ಬಿಸಿಲು ನೆತ್ತಿಗೇರಿದ್ರೆ ನೆರಳು ಕಾಲಡಿ ಹೋಗ್ಬಿಡತ್ತೆ.

ರಂಗನಾಯಕಿ: ಐದೇ ನಿಮಿಷ. ರೇಷ್ಮೆ ಸೀರೆ ಉಟ್ಕೊಂಡು ಬಂದ್ಬಿಡ್ತೀನಿ.

ಕಶ್ಯಪ್: ನೆರಳಲ್ಲಿ ಸೀರೆ ಕಾಣಲ್ಲ.

ರಂಗನಾಯಕಿ: ಕಾಣಲ್ಲ ಅಂತ ಹಳೇ ಸೀರೇಲಿ ಹೋಗಿ ಪುಸ್ತಕದೊಳಗೆ ಕೂತ್ಕೊಳ್ಳಕ್ಕಾಗತ್ತೇನೋ?